ಅಮ್ಮ ಹೇಗಿದಾಳೆ?

ಮೆಸೇಜಿಗೆ ನನ್ನಷ್ಟು ಬೇಗ ಉತ್ತರ ಕೊಡೋರು ನಮ್ಮ ಕ್ಲಾಸಲ್ಲಿ ಯಾರೂ ಇಲ್ಲ. ಡೆಸ್ಕಿನ ಕೆಳಗೆ, ಫೋನ್ ಕಡೆ ನೋಡದೇನೇ, ಒಂದೇ ಹೆಬ್ಬೆರಳಲ್ಲಿ. ಇದೂ ಒಂದು ವಿದ್ಯೆ ಅಂತ ಬೀಗ್ತಿದ್ದೆ. ಆ ವಿದ್ಯೇನೇ ನನ್ನ ತಂಗಿ ಭಯಕ್ಕೆ ಗೊಬ್ಬರ ಹಾಕ್ತಿದೆ ಅಂತ ಡಾಕ್ಟ್ರು ಹೇಳೋವರೆಗೂ.

ತಂಗಿಗೆ ಹತ್ತು ವರ್ಷ. ಮನೇಲಿ ಅವಳು ಬಟನ್. ಅಮ್ಮ ಟೇಲರ್. ಅಂಬೆಗಾಲಿಡ್ತಿದ್ದಾಗ ಇವಳು ಅಮ್ಮನ ಡಬ್ಬಿಯಿಂದ ಒಂದು ಬಿಳೀ ಗುಂಡಿ ನುಂಗಿದ್ಲು. ಗುಂಡಿ ಮಾರನೇ ದಿನ ಆಚೆ ಬಂತು, ಹೆಸರು ಮಾತ್ರ ಹೋಗ್ಲೇ ಇಲ್ಲ.

ಹೋದ ವರ್ಷ ಒಂದಿನ ಅಮ್ಮ ಅಂಗಡೀಲಿ ಊಟ ಬಿಟ್ಟು ಹೊಲೀತಾ ಕೂತಿದ್ದೋಳು ತಲೆ ಸುತ್ತಿ ಮಿಷನ್ ಪಕ್ಕಾನೇ ಬಿದ್ಲು. ಪಕ್ಕದಂಗಡಿಯೋರು ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಡ್ರಿಪ್ ಹಾಕಿಸಿ ಸಂಜೆಗೆ ವಾಪಸ್ ಬಿಟ್ರು. ಅಮ್ಮಂಗೆ ಅದು ಅಲ್ಲಿಗೇ ಮುಗೀತು. ಆದ್ರೆ ಸ್ಕೂಲಿಂದ ಬಂದ ಬಟನ್‌ಗೆ ಕಂಡಿದ್ದು ಮುಚ್ಚಿದ ಅಂಗಡಿ. ಒಂದು ಗಂಟೆ ಮೆಟ್ಟಿಲ ಮೇಲೆ ಒಬ್ಳೇ ಕೂತಿದ್ಲು.

ಅವತ್ತಿಂದ ದಿನಾ ಬೆಳಿಗ್ಗೆ ಹೊಟ್ಟೆ ನೋವು. ನಾಟಕ ಅಲ್ಲ, ಹಣೆ ಎಲ್ಲಾ ಬೆವರ್ತಿತ್ತು. ಸ್ಕೂಲ್ ಗೇಟ್ ಹತ್ರ ಅಮ್ಮನ ಸೆರಗು ಹಿಡ್ಕೊಂಡ್ರೆ ಬೆರಳು ಒಂದೊಂದಾಗಿ ಬಿಡಿಸ್ಬೇಕಿತ್ತು. ಕೊನೆಗೆ ನಾನೇ ಅವಳ ಟೀಚರ್ ಹತ್ರ ಗೋಗರೆದು ನನ್ನ ಹಳೇ ಫೋನ್ ಕೊಟ್ಟು ಕಳಿಸ್ದೆ. ಅವಳು ‘ಅಮ್ಮ ಹೇಗಿದಾಳೆ?’ ಅಂತ ಕಳಿಸೋಳು. ನಾನು ಕಾಲೇಜಿಂದ ಮೂರು ಸೆಕೆಂಡಲ್ಲಿ ‘ಸೂಪರ್’. ಮೊದಮೊದ್ಲು ದಿನಕ್ಕೆ ನಾಲ್ಕು ಸಲ. ಆಮೇಲೆ ಹತ್ತು. ಡಾಕ್ಟ್ರ ಹತ್ರ ಹೋಗೋ ಹೊತ್ತಿಗೆ ನಲವತ್ತು ದಾಟಿತ್ತು.

ಮಕ್ಕಳ ಮನಸ್ಸಿನ ಡಾಕ್ಟ್ರು ಅವ್ರು. ಮೇಜಿನ ಮೇಲೆ ಬಣ್ಣದ ಪೆನ್ಸಿಲು, ಕಾಲಲ್ಲಿ ಹವಾಯಿ ಚಪ್ಪಲಿ. ಬಟನ್‌ನ ಕೇಳಿದ್ದಕ್ಕಿಂತ ಜಾಸ್ತಿ ನನ್ನೇ ಕೇಳಿದ್ರು.

‘ನೀನಿರೋದು ಕಾಲೇಜಲ್ಲಿ. ಅಮ್ಮ ಇರೋದು ಅಂಗಡೀಲಿ. ಸೂಪರ್ ಅಂತ ನಿಂಗೆ ಹೇಗಮ್ಮ ಗೊತ್ತು?’

ನಾನು ಕೈಲಿದ್ದ ಫೋನ್ ಬೋರಲು ಹಾಕ್ದೆ.

ಬಟನ್ ನನ್ನ ಕಡೆ ತಿರುಗಿದ್ಲು. ‘ಅಕ್ಕ, ನೀನು ಅಮ್ಮಂಗೆ ಫೋನ್ ಮಾಡಿ ಕೇಳ್ತಿರ್ಲಿಲ್ವಾ?’

‘ಇಲ್ಲ ಕಣೇ.’

‘ಒಂದ್ಸಲಾನೂ?’

ತಲೆ ಅಡ್ಡಡ್ಡ ಆಡಿಸ್ದೆ. ಅವಳ ಕಣ್ಣು ತುಂಬ್ಕೊಂತು. ಡಾಕ್ಟ್ರು ಕುರ್ಚಿ ಹತ್ರ ಎಳ್ಕೊಂಡು ಮೆತ್ತಗೆ ಹೇಳಿದ್ರು: ‘ಅಂದ್ರೆ ಪುಟ್ಟಾ, ಇಷ್ಟು ದಿನ ಅಮ್ಮ ಹೇಗಿದಾಳೆ ಅಂತ ಯಾರಿಗೂ ಗೊತ್ತಿಲ್ದೇನೇ ನೀನು ಸ್ಕೂಲಲ್ಲಿ ಇದ್ದೆ. ಕಷ್ಟ ಆಯ್ತು. ಆದ್ರೂ ಇದ್ದೆ. ಉತ್ತರ ಬಂದಾಗ ಭಯ ಒಂದು ನಿಮಿಷ ಸುಮ್ಮನಾಗುತ್ತೆ, ಆಮೇಲೆ ಮತ್ತೊಂದು ಉತ್ತರ ಕೇಳುತ್ತೆ. ಕೊಡ್ದೇ ಹೋದ್ರೆ ಅರಚುತ್ತೆ, ಅರಚಿ ಅರಚಿ ಅದಕ್ಕೇ ಸುಸ್ತಾಗುತ್ತೆ. ಒಂದೇ ದಿನಕ್ಕೆಲ್ಲ ಬೇಡ. ಚೂರು ಚೂರೇ ಮಾಡೋಣ.’

ಪಕ್ಕದಲ್ಲಿ ಕೂತಿದ್ದ ಅಮ್ಮ ಮುಂದಕ್ಕೆ ಬಾಗಿದ್ಲು. ‘ಕಚ್ಚಾ ಹೊಲಿಗೆ ಹಾಕ್ದಂಗಾ ಮೇಡಂ? ಮೊದ್ಲು ಸಡಿಲವಾಗಿ ಹಾಕಿ, ತೊಡಿಸಿ ನೋಡಿ, ಬಿಗಿಯಾದ್ರೆ ಬಿಚ್ಚಿ ಮತ್ತೆ ಹಾಕೋದು?’

‘ಅದೇ’ ಅಂದ್ರು ಡಾಕ್ಟ್ರು, ಬರ್ಕೊಂಡೂಬಿಟ್ರು.

ಮೊದಲ್ನೇ ವಾರ ಹತ್ತು ನಿಮಿಷ ಬಿಟ್ಟು ಉತ್ತರ. ಎರಡ್ನೇ ವಾರ ಅರ್ಧ ಗಂಟೆ. ಅದು ಬಿಗಿಯಾಯ್ತು, ಬಟನ್ ಎರಡು ದಿನ ಸ್ಕೂಲಿಗೆ ಹೋಗ್ಲಿಲ್ಲ, ಬಿಚ್ಚಿ ಮತ್ತೆ ಹತ್ತಕ್ಕೆ ಬಂದ್ವಿ. ಐದ್ನೇ ವಾರ ಅವಳೇ ಹೇಳಿದ್ಲು, ‘ನಾಳೆ ಊಟದ ಬೆಲ್ ಹೊಡೆದ್ಮೇಲೇ ಉತ್ತರ ಕೊಡು. ಸೂಪರ್ ಅನ್ಬೇಡ. ನಿಜ ಹೇಳು.’

ಮಾರನೇ ದಿನ 10.40ಕ್ಕೆ ಬಂತು. ‘ಅಮ್ಮ ಹೇಗಿದಾಳೆ?’

10.42. ‘ಅಕ್ಕ.’

10.45. ‘ಹೊಟ್ಟೆ ನೋವು.’

ನನ್ನ ಹೆಬ್ಬೆರಳು ತಾನಾಗೇ ಹೊರಟಿತ್ತು. ಫೋನ್ ಕಿತ್ತು ಪಕ್ಕದಲ್ಲಿದ್ದ ಗೆಳತಿ ಕೈಗೆ ತುರುಕ್ದೆ. ‘ಇದ್ರ ಮೇಲೆ ಕೂತ್ಕೋ. ನಾನು ಅತ್ರೂ ಏಳ್ಬೇಡ.’

‘ಒಡೆದ್ರೆ ನನ್ನ ಕೇಳ್ಬಾರ್ದು’ ಅಂತ ಕೂತೇಬಿಟ್ಲು.

ಆಮೇಲೆ ಫೋನ್ ಗುಂಯ್ ಅನ್ಲೇ ಇಲ್ಲ. ಅದಿನ್ನೂ ಕಷ್ಟ. ಅಳ್ತಿದಾಳಾ? ಗೇಟ್ ಹತ್ರ ಓಡಿದ್ಲಾ? ಬೋರ್ಡ್ ಬಿಟ್ಟು ಗಡಿಯಾರಾನೇ ನೋಡ್ತಾ ಕೂತೆ. ಇವಳು ವರ್ಷವಿಡೀ ಹಿಂಗೇ ಕೂತಿದ್ಲು ಅಂತ ಅವತ್ತೇ ತಿಳೀತು ನಂಗೆ.

12.30ಕ್ಕೆ, ಅವಳ ಊಟದ ಬೆಲ್ ಹೊತ್ತಿಗೆ, ಫೋನ್ ವಾಪಸ್ ಇಸ್ಕೊಂಡು ಬರೆದೆ. ‘ಗೊತ್ತಿಲ್ಲ ಕಣೇ. ಸಂಜೆ ಇಬ್ರೂ ಹೋಗಿ ನೋಡೋಣ.’

ಕಳಿಸೋಕೆ ಮುಂಚೆ ನಾಲ್ಕು ಸಲ ಓದ್ದೆ, ಜನ್ಮದಲ್ಲೇ ಮೊದಲ್ನೇ ಸಲ.

ಉತ್ತರ ಬರೋಕೆ ಏಳು ನಿಮಿಷ ಹಿಡೀತು. ‘ಸರಿ. ಹೊಟ್ಟೆ ನೋವು ಜೋರಾಗಿ ಬಂದು ಆಮೇಲೆ ಹೋಯ್ತು. ಈಗ ಆಡ್ತಿದೀನಿ, ಮೆಸೇಜ್ ಮಾಡ್ಬೇಡ.’

ಸಂಜೆ ಅವಳ ಕೈ ಹಿಡ್ಕೊಂಡು ನಡೆದೆ. ಅಂಗಡಿ ತಿರುವು ಬಂದಾಗ ಅವಳ ಬೆರಳು ಬಿಗಿಯಾಯ್ತು. ಅಂಗಡಿ ತೆರೆದಿತ್ತು. ಅಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಕೊಂಡು ಯಾರದ್ದೋ ಕೋಟಿನ ತೋಳು ಕೂಡಿಸ್ತಿದ್ಲು.

‘ಅಮ್ಮ, ಹೇಗಿದೀಯಾ?’ ಬಟನ್ ಕೇಳಿದ್ಲು.

‘ಊಂ’ ಅಂದ್ಲು ಅಮ್ಮ, ಸೂಜಿ ಬೀಳ್ದಂಗೆ. ಆಮೇಲೆ ಸೂಜಿ ತೆಗೆದು, ‘ಸೊಂಟ ನೋಯ್ತಿದೆ ಮಗಳೇ. ಊಟ ಮಾಡಿದೀನಿ.’

ಬಟನ್ ಬ್ಯಾಗ್ ಕೆಳಗಿಟ್ಟು, ಹೊಲಿದು ಮುಗಿಸಿದ್ದ ಇನ್ನೊಂದು ತೋಳನ್ನ ತೊಡೆ ಮೇಲೆ ಎಳ್ಕೊಂಡ್ಲು. ಪಕ್ಕಾ ಹೊಲಿಗೆ ಆದ್ಮೇಲೆ ಕಚ್ಚಾ ದಾರ ಕೀಳೋದು ಯಾವಾಗ್ಲೂ ಅವಳ ಕೆಲಸ.

‘ನಾಳೇನೂ ಫೋನ್ ತಗೊಂಡು ಹೋಗ್ತೀನಿ’ ಅಂದ್ಲು, ತಲೆ ಎತ್ತದೇನೇ.

‘ತಗೊಂಡು ಹೋಗು’ ಅಂದೆ.

‘ಬ್ಯಾಗಲ್ಲೇ ಇರುತ್ತೆ.’

ಬಿಳೀ ದಾರ ಉದ್ದಕ್ಕೆ ಬಂತು, ತುಂಡಾಗ್ದೇ.