ಹಿಂದೆ ನಡೆದವನು

ಧುಂಚೆಯಿಂದ ಗೋಸಾಯಿಂಕುಂಡದ ಸರೋವರಕ್ಕೆ ಹತ್ತುವ ದಾರಿಯಲ್ಲಿ ಚಂದ್ರಮಾನ್ ಥೋಕರ್ ಯಾರೆಂದು ಕೇಳಿ ನೋಡಿ. ಮೇಯುತ್ತಿರುವ ಚೌರಿ ಹಸುಗಳು ಕೂಡ ತಲೆಯೆತ್ತಿ ನನ್ನ ಲಾಡ್ಜಿನ ಕಡೆ ಮೂತಿ ತೋರಿಸುತ್ತವೆ. ಮೂರು ಸಲ ಹಿಮಕುಸಿತಕ್ಕೆ ಬೈದು ಅರ್ಧದಾರಿಯಲ್ಲೇ ನಿಲ್ಲಿಸಿದವನು ನಾನು. ನನ್ನ ಕೈಯ ಆಲೂಗಡ್ಡೆ ರೊಟ್ಟಿ ತಿಂದ ಜರ್ಮನಿಯವನೊಬ್ಬ ಊರಿಗೆ ಹೋಗಿ ಹೆಂಡತಿಯ ಅಡುಗೆ ಸೇರದೆ ಮದುವೆಯನ್ನೇ ಮುರಿದುಕೊಂಡ. ಇಂಥವು ದಿನಕ್ಕೆ ಹತ್ತು ಹೇಳುತ್ತೇನೆ, ಯಾರಿಗೂ ನಷ್ಟವಿಲ್ಲ. ಆದರೆ ಒಂದು ಸುಳ್ಳು ಮಾತ್ರ ಇನ್ನೊಬ್ಬನ ಬೆನ್ನೇರಿ ಕೂತು ಇಪ್ಪತ್ತೆರಡು ವರ್ಷ ಇಳಿಯಲೇ ಇಲ್ಲ.

ಅದು ನಮ್ಮ ಲಾಡ್ಜಿನ ಬೋರ್ಡಿನ ಮೇಲೇ ಇತ್ತು. ಬೋರ್ಡಿನಲ್ಲಿ ಹಿಮದ ಇಳಿಜಾರು. ಅದರ ನಡುವೆ, ಸಿನಿಮಾ ನಟನ ಎದೆ ಇಟ್ಟುಕೊಂಡು, ನಾನು. ಹಣೆಗೆ ಹೊರೆ ಹೊರುವ ಪಟ್ಟಿ, ಬೆನ್ನಿಗೆ ಡೋಕೊ ಬುಟ್ಟಿ, ಬುಟ್ಟಿಯೊಳಗೆ ಕಾಯಿಲೆಬಿದ್ದ ಬಿಳಿಯ ಹೆಂಗಸು. ಕಾಠ್ಮಂಡುವಿನ ಪೇಂಟರು ಬರೆದದ್ದು. ಇಡೀ ಊರು ಬಂದು ಆಹಾ ಅಂದಿತು. ಮಂಗಲೆ ಬ್ಲೋನ್ ಒಬ್ಬ ಮಾತ್ರ ತುಂಬಾ ಹೊತ್ತು ನೋಡಿ, "ಚೆನ್ನಾಗಿದೆ ದಾಯಿ. ಹಿಂದೆ ಮಾತ್ರ ಯಾರೂ ಇಲ್ವಲ್ಲ," ಅಂದ. ಅಷ್ಟು ಹೇಳಿ, ಹೊರೆಯೆತ್ತಿಕೊಂಡು ಕುಂಟುತ್ತಾ ಹೊರಟುಹೋದ.

ಮಂಗಲೆ ಪೋರ್ಟರು. ನನಗಿಂತ ಎರಡು ವರ್ಷ ಚಿಕ್ಕವನು, ಆದ್ದರಿಂದ ನಾನು ಅವನಿಗೆ ದಾಯಿ, ಅಣ್ಣ. ಎಡಗಾಲಿನಲ್ಲಿ ಮೂರೇ ಬೆರಳು. ಉಳಿದೆರಡು ಎಲ್ಲಿ ಹೋದವು ಎಂಬುದು ಭೂಮಿಯ ಮೇಲೆ ಇಬ್ಬರಿಗೇ ಗೊತ್ತು: ಅವನಿಗೆ, ನನಗೆ.

ಇಪ್ಪತ್ತೆರಡು ವರ್ಷದ ಹಿಂದೆ, ಚೈತ್ರದಲ್ಲಿ ಕಾಲವಲ್ಲದ ಕಾಲದಲ್ಲಿ ಹಿಮ ಬಿತ್ತು. ಹನ್ನೆಕೆ ಅನ್ನುವ ಹಾಲೆಂಡಿನ ಹೆಂಗಸು, ಎತ್ತರ ಅನ್ನುವುದೇ ಇಲ್ಲದ ದೇಶದವಳು, ಸರೋವರದ ಹತ್ತಿರ ತಲೆನೋವು ಎಂದು ಮಲಗಿದವಳು ಬೆಳಿಗ್ಗೆ ನೆಟ್ಟಗೆ ನಿಲ್ಲಲಾರದೆ ಹೋದಳು. ಕೆಳಗಿಳಿಸದಿದ್ದರೆ ಸಂಜೆಗೆ ಹೆಣ. ಜೊತೆಗಿದ್ದವರು ಇಬ್ಬರೇ, ಅಡುಗೆಯ ನಾನು, ಹೊರೆಯ ಮಂಗಲೆ. ಮಂಗಲೆ ಡೋಕೊದ ಒಂದು ಮಗ್ಗುಲನ್ನು ಕತ್ತಿಯಿಂದ ಸೀಳಿ ಕಾಲು ಇಳಿಬಿಡಲು ಜಾಗ ಮಾಡಿದ. ಅವಳನ್ನು ಕೂರಿಸಿ ಹೊತ್ತ. ಬಟ್ಟೆಯ ಬೂಟಿನಲ್ಲಿ, ಮೊಣಕಾಲುದ್ದ ಹಿಮದಲ್ಲಿ, ಒಂಬತ್ತು ಗಂಟೆ. ನಾನು ಹಿಂದೆ ನಡೆದೆ. ನಾನು ಹೊತ್ತದ್ದನ್ನೂ ಹೇಳಿಬಿಡುತ್ತೇನೆ: ಅವಳ ಕ್ಯಾಮೆರಾ, ನೀರಿನ ಬಾಟಲಿ, ನನ್ನ ಛತ್ರಿ.

ಧುಂಚೆಗೆ ಒಂದು ಗಂಟೆಯ ದಾರಿ ಇರುವಾಗ ಸೇತುವೆಯ ಬಳಿ ಮಂಗಲೆ ಕೂತ. ಏಳಲಾಗಲಿಲ್ಲ. ನಾನು ಓಡಿಹೋಗಿ ಸಿಪಾಯಿಗಳನ್ನು ಕರೆತಂದೆ. ಅವರು ಅವಳನ್ನು ಸ್ಟ್ರೆಚರಿಗೆ ಹಾಕಿದರು. "ನೀನು ಹೋಗು ದಾಯಿ, ನಾನು ಮೆಲ್ಲಗೆ ಬರ್ತೀನಿ," ಅಂದ ಮಂಗಲೆ. ಅವನು ತಲುಪಿದ್ದು ಮರುದಿನ, ಎಡಗಾಲಿನ ಎರಡು ಬೆರಳು ಹಿಮಕ್ಕೆ ಸತ್ತು ಕರಿಗಟ್ಟಿದ್ದವು. ಅಷ್ಟರಲ್ಲಿ ಅವಳು ಹೆಲಿಕಾಪ್ಟರಿನಲ್ಲಿ ಕಾಠ್ಮಂಡು ಸೇರಿದ್ದಳು. ಯಾರು ಹೊತ್ತು ತಂದಿರಿ ಎಂದು ಕೇಳಿದವರಿಗೆಲ್ಲ ನಾನು ಉತ್ತರ ಕೊಟ್ಟೂ ಆಗಿತ್ತು.

ಮೊದಲ ದಿನ, ಇಬ್ಬರೂ ಸರದಿಯ ಮೇಲೆ ಹೊತ್ತೆವು ಅಂದೆ. ಒಂದು ತಿಂಗಳಲ್ಲಿ ನನ್ನ ಕಥೆಯೊಳಗೆ ಮಂಗಲೆ ಹಿಂದೆ ಹಿಂದೆ ನಡೆಯತೊಡಗಿದ. ಎರಡನೇ ವರ್ಷಕ್ಕೆ ಹೊಟ್ಟೆನೋವೆಂದು ಹಿಂದಿನ ದಿನವೇ ಮನೆಗೆ ಹೋಗಿದ್ದ. ಆ ಕಥೆಯ ಮೇಲೇ ನನಗೆ ಗೈಡಿನ ಕೆಲಸ ಸಿಕ್ಕಿತು, ಕೆಲಸದ ಮೇಲೆ ಲಾಡ್ಜ್ ಎದ್ದಿತು. ಹನ್ನೆಕೆಯೂ ನನ್ನ ಒಲೆಯ ಪಕ್ಕದ ಕಥೆಯಲ್ಲಿ ವರ್ಷವರ್ಷಕ್ಕೆ ದಪ್ಪಗಾದಳು. ಹೋದ ದಸೈಂ ಹಬ್ಬದ ಹೊತ್ತಿಗೆ ನೂರಾ ಮೂವತ್ತು ಕಿಲೋ ತೂಗುತ್ತಿದ್ದಳು.

ಹೊರೆ ಇಳಿಸಿ ಚಹಾ ಕುಡಿಯಲು ಬಂದ ಮಂಗಲೆ ಎಷ್ಟೋ ಸಲ ಆ ಕಥೆ ಕೇಳಿದ್ದಾನೆ. ಒಲೆಗೆ ಕಟ್ಟಿಗೆ ದೂಡುತ್ತಾ ಕೇಳುತ್ತಾನೆ. ಒಮ್ಮೆ ನಾನು ಪ್ರವಾಸಿಗಳ ಮುಂದೆ, "ಆ ಕರಿಬಂಡೆ ಹತ್ರ ನನ್ನ ಕಾಲು ಜಾರ್ತು ನೋಡಿ..." ಅನ್ನುತ್ತಿದ್ದೆ. ಅವನು ತಲೆಯೆತ್ತದೆ, "ಅಲ್ಲ ದಾಯಿ, ಅದಕ್ಕಿಂತ ಕೆಳಗೆ. ಎರಡು ತಿರುವು ಕೆಳಗೆ," ಅಂದ.

"ಹೌದಲ್ಲ, ಕೆಳಗೆ," ಅಂದೆ ನಾನು. ಮರುದಿನ ಕಥೆಯಲ್ಲಿ ಎರಡು ತಿರುವು ಕೆಳಗೇ ಜಾರಿದೆ.

ಈ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ, ಬೋರ್ಡಿನ ಕೆಳಗೆ ಬಿಳಿಕೂದಲಿನ ಒಬ್ಬ ಹೆಂಗಸು ಬಂದು ನಿಂತಳು. ಹಳೆಯ ನೀಲಿ ಬ್ಯಾಗು, ಗುಬ್ಬಿಯಂಥ ಮೈ. ಗಾಳಿ ಜೋರಾಗಿ ಬೀಸಿದರೆ ಹಿಡಿದುಕೊಳ್ಳಬೇಕು. ಬೋರ್ಡು ನೋಡಿದಳು. ನನ್ನನ್ನು ನೋಡಿದಳು. ಪುಸ್ತಕದಿಂದ ಕಲಿತ ನೇಪಾಳಿಯಲ್ಲಿ, "ನೀವೇ! ಈ ಮುಖ ಸಾಯೋವರೆಗೂ ಮರೆಯಲ್ಲ ನಾನು. ಒಂಬತ್ತು ಗಂಟೆ ಇದನ್ನೇ ನೋಡ್ತಿದ್ದೆ," ಅಂದಳು.

ಹನ್ನೆಕೆ! ನನ್ನ ಎದೆ ಬೋರ್ಡಿನ ಎದೆಯಷ್ಟು ಉಬ್ಬಿತು. ಮರುಕ್ಷಣವೇ ಗಾಳಿ ಇಳಿಯಿತು. ಡೋಕೊದಲ್ಲಿ ಕೂತವರು ಹಿಮ್ಮುಖವಾಗಿ ಕೂರುತ್ತಾರೆ, ಬೆನ್ನಿಗೆ ಬೆನ್ನು. ಹೊತ್ತವನ ಮುಖ ಅವರಿಗೆ ಕಾಣುವುದೇ ಇಲ್ಲ; ಕಾಣುವುದು ಹಿಂದೆ ನಡೆದವನದು. ನಮ್ಮ ತಮಾಂಗ್ ಕುಲದ ಮಗು ಕೂಡ ಬಲ್ಲ ಈ ಸಂಗತಿಯನ್ನು ನಾನು ಇಪ್ಪತ್ತೆರಡು ವರ್ಷ ಮರೆತಿದ್ದೆ.

"ನೀವು ಅಳ್ತಿದ್ರಿ," ಅಂದಳು ಅವಳು. "ನಾನು ಕಣ್ಣು ಮುಚ್ಚಿದ್ರೆ ಸಾಕು, ಛತ್ರಿಯಿಂದ ತಿವಿದು ಹರಕು ಇಂಗ್ಲಿಷಿನಲ್ಲಿ ಏನೋ ಕಥೆ ಶುರು ಮಾಡ್ತಿದ್ರಿ. ನಿಮ್ಮ ತಾತ ಕರಡಿ ಜೊತೆ ಅದರ ಗುಹೆಗಾಗಿ ಜೂಜಾಡಿದ ಕಥೆ. ಕೊನೆ ಏನು ಅಂತ ತಿಳಿಯೋದಕ್ಕೇ ನಾನು ಎಚ್ಚರವಾಗಿದ್ದೆ. ಇನ್ನೊಬ್ಬರು ಎಲ್ಲಿ? ನನ್ನ ಹೊತ್ತವರು? ಅವರ ಮುಖಾನೇ ನೋಡಲಿಲ್ಲ ನಾನು. ಅವರನ್ನ ನೋಡೋಕೇ ಬಂದೆ."

ಅಂದರೆ, ಇದ್ದದ್ದೇ ಸಾಕಾಗಿತ್ತು. ಹಿಂದೆ ನಡೆದವನ ಕಥೆಯೂ ಬೋರ್ಡಿಗೆ ಏರಿಸುವಂಥದ್ದೇ ಆಗಿತ್ತು. ಆಗಲಾದರೂ, ಅವನು ಹೊರೆ ತರಲು ಕೆಳಗೆ ಧುಂಚೆಗೆ ಹೋಗಿದ್ದಾನೆ, ನಾಳೆ ಬರುತ್ತಾನೆ ಅನ್ನಬಹುದಿತ್ತು. ಅವನು ಬಂದರೆ ಬೋರ್ಡು ಬೀಳುತ್ತದೆ ಎಂದು ಬಾಯಿ ತಾನಾಗಿಯೇ ತೆರೆದುಕೊಂಡಿತು.

"ಅವನು ತೀರಿಕೊಂಡ."

ಅವಳು ಬ್ಯಾಗನ್ನು ಕೆಳಗಿಟ್ಟು ಅದರ ಮೇಲೇ ಕೂತು ಅತ್ತಳು. ಸದ್ದಿಲ್ಲದೆ. ಎಷ್ಟೋ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು, "ಗೊಂಪಾದಲ್ಲಿ ದೀಪ ಹಚ್ಚಿಸ್ತೀನಿ. ನೂರೆಂಟು," ಅಂದಳು.

ಗೊಂಪಾ ಮಠದ ಲಾಮಾ ಹೊಸಬರು, ಆ ಮಳೆಗಾಲದಲ್ಲಷ್ಟೇ ಮೇಲಿನ ಕಣಿವೆಯಿಂದ ಬಂದವರು. ಧುಂಚೆಯ ಅಂಗಡಿಗೆ ಫೋನು ಮಾಡಿ ನಾಳೆಯೇ ತುಪ್ಪದ ಡಬ್ಬ ಕಳಿಸಲು ಹೇಳಿದರು. ಆಮೇಲೆ ಕಾಗದ ತೆಗೆದು, "ಸತ್ತೋರ ಹೆಸರು?" ಅಂದರು.

"ಹಳೇ ಮಾತು ಗುರುಗಳೇ. ಹೆಸರು... ನೆನಪಿಲ್ಲ."

"ನೆನಪು ಮಾಡ್ಕೊಂಡು ಬಾ. ಹೆಸರಿಲ್ಲದಿದ್ರೆ ದೀಪ ಯಾರಿಗೆ ದಾರಿ ತೋರಿಸಬೇಕು? ಗಾಳಿಗಾ?"

ಹನ್ನೆಕೆ ನನ್ನ ಮುಖ ನೋಡಿದಳು. ತನಗಾಗಿ ಬೆನ್ನು ಮುರಿದವನ ಹೆಸರೂ ಇವನಿಗೆ ನೆನಪಿಲ್ಲವೇ ಎಂಬ ನೋಟ. ಅದನ್ನು ಇಂದಿಗೂ ಯಾವ ಕಂಬಳಿ ಹೊದ್ದರೂ ಮುಚ್ಚಲಾಗುತ್ತಿಲ್ಲ.

ನನ್ನ ಹೆಂಡತಿ ಮ್ಹೆಂದೊ ಆಲೂಗಡ್ಡೆ ಹೊಲದಿಂದ ಬಂದವಳೇ ಅತಿಥಿಯನ್ನು ಮೇಲಿಂದ ಕೆಳಗೆ ಅಳೆದಳು. ನನ್ನನ್ನು ಒಳಗೆ ಎಳೆದು, "ಏ ಬುಢಾ, ನೂರಾ ಮೂವತ್ತು ಕಿಲೋದವಳು ಇವಳೇನಾ? ನಮ್ಮ ಕೋಳಿಗೆ ಇವಳಿಗಿಂತ ತೂಕ ಇದೆ," ಅಂದಳು.

"ಆ ಕಾಲದಲ್ಲಿ ಇತ್ತು ಕಣೇ. ವಯಸ್ಸಾದ ಮೇಲೆ ಕರಗಿದ್ದಾಳೆ."

"ಅದಿರ್ಲಿ. ದೀಪ ಯಾರಿಗೆ?"

"ಒಬ್ಬ ಹಳೇ ಪೋರ್ಟರಿಗೆ."

"ಯಾರು? ನಮಗೆ ಗೊತ್ತಿಲ್ದೆ ಈ ದಾರೀಲಿ ಯಾವ ಪೋರ್ಟರು ಸತ್ತ?" ಅಂದಳು. ಕುಂಬಳಕಾಯಿ ಕಳ್ಳನ ಹಾಗೆ ನಾನು ಸುಮ್ಮನೆ ಹಣೆ ಸವರಿಕೊಂಡೆ. ಪಟ್ಟಿಯ ಗುರುತು ಕೂಡ ಇಲ್ಲದ ನುಣ್ಣನೆಯ ಹಣೆ.

ಸುಳ್ಳು ಹೆಸರು ಕೊಟ್ಟರೆ ಇಲ್ಲದವನಿಗೆ ದೀಪ, ಮಂಗಲೆಯ ಋಣ ಇನ್ನೊಂದು ಸಲ ನುಂಗಿದಂತೆ. ನಿಜದ ಹೆಸರು ಕೊಟ್ಟರೆ ಬದುಕಿರುವವನಿಗೆ ಸತ್ತವರ ದೀಪ. ಅದು ಆಯಸ್ಸನ್ನು ಬುಡದಿಂದ ಸುಡುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಬೆಳಿಗ್ಗೆ ಹನ್ನೆಕೆ ಚಹಾದ ಲೋಟ ಹಿಡಿದು ಕೇಳಿದಳು: "ಹೆಸರು ನೆನಪಾಯ್ತಾ?" ಇಲ್ಲ ಅಂದೆ. ಹನ್ನೊಂದಕ್ಕೆ ಮತ್ತೆ ಕೇಳಿದಳು. ಇಲ್ಲ ಅಂದೆ.

ಮಧ್ಯಾಹ್ನ ಅಂಗಳದ ಆಚೆ ಶಿಳ್ಳೆ ಕೇಳಿತು. ಪೋರ್ಟರು ಹೊರೆಯ ಕೆಳಗೆ ಕೋಲು ಊರಿ ನಿಂತಾಗ ಹಲ್ಲುಸಂದಿಯಿಂದ ಬಿಡುವ ಉಸಿರು. ಎಲ್ಲರೂ ಬಿಡುತ್ತಾರೆ, ಆದರೆ ಈ ಉಸಿರು ಉದ್ದಕ್ಕೆ ಹೋಗಿ ಕೊನೆಯಲ್ಲಿ ಎರಡಾಗಿ ಒಡೆಯುತ್ತದೆ. ಒಳಗೆ ಹನ್ನೆಕೆಯ ಲೋಟ ತುಟಿಯ ಹತ್ತಿರ ನಿಂತಿತು.

ಮಂಗಲೆ ತುಪ್ಪದ ಡಬ್ಬ ಇಳಿಸಿ, ಬೆವರೊರೆಸಿ, ಟೋಪಿ ಕೈಯಲ್ಲಿ ಹಿಡಿದುಕೊಂಡ. "ಅಂಗಡಿಯೋನು ಸತ್ತೋರ ದೀಪಕ್ಕೆ ಅಂದ. ಬೇಗ ಬೇಕು ಅಂದ, ಅದಕ್ಕೆ ದಾರೀಲಿ ಊಟಕ್ಕೂ ಕೂರಲಿಲ್ಲ. ಯಾರು ಸತ್ತಿದ್ದು ದಾಯಿ?"

ನನ್ನ ಬಾಯಿ ಎಂದರೆ ಅಕ್ಷಯಪಾತ್ರೆ. ಅಂದು ಅದರಲ್ಲಿ ಕೈ ಹಾಕಿದರೆ ತಳ ಸಿಕ್ಕಿತು.

"ನೀನು," ಅಂದೆ.

"ಯಾವಾಗ?"

"ನಿನ್ನೆ. ಚಹಾದ ಹೊತ್ತಿಗೆ."

"ಏನಾಗಿತ್ತು ನಂಗೆ?"

"ಏನೂ ಆಗಿರ್ಲಿಲ್ಲ. ನಾನೇ ಸಾಯಿಸಿದೆ. ಆ ಡಚ್ ದೀದಿ ಬಂದಿದ್ದಾಳೆ, ಮಂಗಲೆ. ನಿನ್ನ ಹುಡುಕ್ಕೊಂಡು ಬಂದಿದ್ದಾಳೆ."

ಅವನು ಬೋರ್ಡಿನ ಕಡೆ ನೋಡಿದ. ಡಬ್ಬದ ಕಡೆ ನೋಡಿದ. "ಹಂಗಾದ್ರೆ ನನ್ನ ದೀಪದ ತುಪ್ಪ ನಾನೇ ಹೊತ್ತು ತಂದೆ," ಅಂದ. ನಗಲು ಹೋದ, ನಗು ಬರಲಿಲ್ಲ.

"ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ? ಒಂದು ಸಲ ಬಯ್ಯಬಾರದಿತ್ತಾ ನನ್ನ?"

"ಹೊರೋದು ನನ್ನ ಕೆಲಸ, ಹೇಳೋದು ನಿನ್ನ ಕೆಲಸ ಅಂತ ಇದ್ದೆ ದಾಯಿ. ಕಥೆ ಚೆನ್ನಾಗೂ ಇರ್ತಿತ್ತು." ಟೋಪಿಯ ಅಂಚನ್ನು ತಿರುಗಿಸುತ್ತಾ ನಿಂತ. "ಒಂದೇ ಸಲ ಕಷ್ಟ ಆಯ್ತು. ನನ್ನ ಮಗಳು ಶಾಲೇಲಿ ಪ್ರಬಂಧ ಬರೆದಿದ್ಲು, ನಮ್ಮೂರಿನ ವೀರ ಅಂತ. ನಿನ್ನ ಮೇಲೆ. ನಂಗೆ ಓದಿ ಹೇಳಿದ್ಲು. ಚೆನ್ನಾಗಿ ಬರೆದಿದ್ದೀಯ ಮಗಳೇ ಅಂತ ನಾನೇ ಬೆನ್ನು ತಟ್ಟಿದೆ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಿಮಕುಸಿತಕ್ಕೇ ಬೈದವನು ನಾನು. ಆದರೆ ಇದಕ್ಕೆ ಎಲ್ಲಿ ಅಡಗಿಕೊಳ್ಳುವುದು?

ಅಂಗಳದ ನಡುವೆ ನಿಂತು ಕೂಗಿದೆ. ಮ್ಹೆಂದೊ ಬಂದಳು, ಒಲೆಯ ಸುತ್ತ ಇದ್ದ ಪ್ರವಾಸಿಗಳು ಬಂದರು, ಗೊಂಪಾದಿಂದ ಲಾಮಾ ಇಳಿದು ಬಂದರು. ನಾನು ಹೇಳಿದೆ. ನನ್ನ ಜೀವಮಾನದ ಅತಿ ಚಿಕ್ಕ ಕಥೆ ಅದು: "ಅವಳನ್ನ ಹೊತ್ತದ್ದು ಇವನು, ಮಂಗಲೆ ಬ್ಲೋನ್. ಸರೋವರದಿಂದ ಸೇತುವೆವರೆಗೂ ಇವನೊಬ್ಬನೇ. ನಾನು ಛತ್ರಿ ಹಿಡಿದಿದ್ದೆ. ಇವನು ಸತ್ತಿಲ್ಲ."

ಹನ್ನೆಕೆ ಬಾಗಿಲಲ್ಲಿ ನಿಂತಿದ್ದಳು. ಮಂಗಲೆ ಎಡಗಾಲನ್ನು ಬಲಗಾಲಿನ ಹಿಂದೆ ಮರೆಮಾಡಿಕೊಂಡು ನೆಲ ನೋಡುತ್ತಿದ್ದ. ಅವಳು ಬಂದು ಅವನ ಮುಖ ನೋಡಿದಳು; ಗುರುತು ಸಿಗಲಿಲ್ಲ. ಆಮೇಲೆ ತಿರುಗಿ, ತನ್ನ ಬೆನ್ನನ್ನು ಅವನ ಬೆನ್ನಿಗೆ ಆನಿಸಿ ನಿಂತು ಕಣ್ಣು ಮುಚ್ಚಿದಳು. ಅವನು ನಾಚಿಕೆಯಿಂದ ಉಸಿರು ಬಿಟ್ಟ, ಉದ್ದಕ್ಕೆ, ಕೊನೆಯಲ್ಲಿ ಎರಡಾಗಿ.

"ಇವರೇ," ಅಂದಳು.

ನನ್ನ ಕಡೆ ತಿರುಗಿ ಅವಳು ಬಯ್ಯಲಿಲ್ಲ. "ಕರಡಿ ಕಥೆ ಸಾಕಿತ್ತಲ್ಲ ನಿಮಗೆ," ಅಂದಳು, ಅಷ್ಟೇ.

ಲಾಮಾ ಕಾಗದ ಮಡಚಿ, "ತುಪ್ಪ ವಾಪಸ್ ಕಳಿಸೋದಾ?" ಅಂದರು.

"ನಾನಂತೂ ಕೆಳಗೆ ಹೊರಲ್ಲ," ಅಂದ ಮಂಗಲೆ.

"ಹಚ್ಚಿ ಗುರುಗಳೇ," ಅಂದಳು ಮ್ಹೆಂದೊ, ನನ್ನನ್ನು ನೋಡುತ್ತಾ. "ಮಂಗಲೆಗೆ ದೀರ್ಘಾಯುಷ್ಯ ಅಂತ ಹಚ್ಚಿ. ಸತ್ತೋರು ಬೇಕೇಬೇಕು ಅಂದ್ರೆ ಆ ಬೋರ್ಡಿನ ಮೇಲೆ ಒಬ್ಬ ಇದ್ದಾನೆ, ದೊಡ್ಡ ಎದೆಯೋನು."

ಆ ಸಂಜೆಯೇ ಊರಿನ ತುದಿಯಲ್ಲಿದ್ದ ಮಂಗಲೆಯ ಮನೆಗೆ ಹೋಗಿ ಅವನ ಮಗಳ ಮುಂದೆ ಆ ಚಿಕ್ಕ ಕಥೆಯನ್ನು ಇನ್ನೊಮ್ಮೆ ಹೇಳಿದೆ. ಅವಳು ನನ್ನನ್ನು ನೋಡಲಿಲ್ಲ. ಅಪ್ಪನ ಕಾಲನ್ನು ನೋಡುತ್ತಿದ್ದಳು. ನಾನು ಎದ್ದು ಬರುವವರೆಗೂ ನೋಡುತ್ತಲೇ ಇದ್ದಳು.

ಮರುದಿನ ಹನ್ನೆಕೆ ತನ್ನ ಕಾಲ ಮೇಲೆ ಸರೋವರಕ್ಕೆ ಹೊರಟಳು. ಮಂಗಲೆ ಅವಳ ನೀಲಿ ಬ್ಯಾಗನ್ನೂ ಅಕ್ಕಿ, ಸೀಮೆಎಣ್ಣೆಯನ್ನೂ ಡೋಕೊದಲ್ಲಿ ಹೊತ್ತ. ಯಾರೂ ಕರೆಯದಿದ್ದರೂ ನಾನು ಹಿಂದೆ ನಡೆದೆ. ಕರಿಬಂಡೆಗಿಂತ ಎರಡು ತಿರುವು ಕೆಳಗೆ ಅವನು ಕೋಲು ಊರಿ ನಿಂತಾಗ, "ಕೊಡು, ಇಲ್ಲಿಂದ ನಾನು," ಅಂದೆ.

"ಬೇಡ ದಾಯಿ. ನಿಂಗಾಗಲ್ಲ."

"ಕೊಡೋ!"

ಪಟ್ಟಿ ಹಣೆಗೇರಿಸಿದೆ. ಹಿಮವಿರಲಿಲ್ಲ, ಆಕಾಶ ತಿಳಿಯಾಗಿತ್ತು, ಕಾಲಲ್ಲಿ ಒಳ್ಳೆಯ ಬೂಟಿತ್ತು. ಕತ್ತು ಭುಜದೊಳಗೆ ಇಳಿಯಿತು. ಕಣ್ಣಮುಂದೆ ಕಲ್ಲುಗಳು ಜೋಡಿಜೋಡಿಯಾಗಿ ಕಂಡವು. ಹನ್ನೊಂದು ಹೆಜ್ಜೆ ನಡೆದೆ. ಎಷ್ಟು ಸಲ ಬೇಕಾದರೂ ಕೇಳಿ, ಹನ್ನೊಂದೇ. ಹನ್ನೆರಡನೆಯದಕ್ಕೆ ಮೊಣಕಾಲು ನೆಲಕ್ಕೆ ಬಂತು.

ಮಂಗಲೆ ಮೆಲ್ಲಗೆ ನನ್ನ ಹಣೆಯಿಂದ ಪಟ್ಟಿ ಬಿಡಿಸಿಕೊಂಡ. "ಸಾಕು ದಾಯಿ, ಇಲ್ಲಿ ಕೊಡು," ಅಂದ. "ನೀನು ಹಿಂದೆ ಬಾ. ದೀದಿಗೆ ಆ ಕರಡಿ ಕಥೆ ಕೊನೆ ಇನ್ನೂ ಗೊತ್ತಿಲ್ವಂತೆ. ನಂಗೂ ಗೊತ್ತಿಲ್ಲ. ಅವತ್ತು ನಿನ್ನ ಮಾತು ಅಷ್ಟು ಮುಂದಕ್ಕೆ ಕೇಳಿಸ್ತಿರಲಿಲ್ಲ."