ಗೋಡೆಯಾಚೆಗೆ ಕೂಗುವ ಹೆಸರು

ನನ್ನ ನಾಯಿ ಡೇಂಜರ್ ಸತ್ತ ಬೆಳಿಗ್ಗೆ ಪಕ್ಕದ ಮನೆಯ ಮುನಾಶೆಯಮ್ಮನೇ ಮೊದಲು ಬಂದು ನನ್ನ ಕೈ ಹಿಡಿದುಕೊಂಡಳು.

"ಪಾಪ, ದಾರೀಲಿ ಏನೋ ತಿಂದಿರ್ಬೇಕು ಕಣೇ ವಿಂಬಾಯಿ."

ಅದು ರಾತ್ರಿಯೆಲ್ಲ ಗೇಟಿನೊಳಗೇ ಇತ್ತು. ನಮ್ಮಿಬ್ಬರ ನಡುವಿನ ಗೋಡೆಯ ಬುಡದಲ್ಲಿ, ಅದರ ನೊರೆಗಟ್ಟಿದ ಬಾಯಿಯ ಪಕ್ಕದಲ್ಲಿ, ನಮ್ಮ ಅಡುಗೆಮನೆಯದಲ್ಲದ ಮಾಂಸದ ತುಂಡೊಂದು ಬಿದ್ದಿತ್ತು. ಆದರೂ ಕೈ ಬಿಡಿಸಿಕೊಳ್ಳಲಿಲ್ಲ. ಸಾಕ್ಷಿಯಿಲ್ಲದೆ ಒಬ್ಬರ ಮೇಲೆ ಹೊರಿಸುವುದು ತಪ್ಪು. ಅವಳ ಬಾಯಿಂದಲೇ ಅದು ಹೊರಬರಬೇಕು ಎಂದುಕೊಂಡೆ.

ಗ್ವೆರು ಪಟ್ಟಣದ ನಮ್ಮ ಓಣಿಯಲ್ಲಿ ನಾಯಿಗೆ ಹೆಸರಿಡುವುದು ನಾಯಿಗೋಸ್ಕರ ಅಲ್ಲ. ಮುಖಕ್ಕೆ ಹೇಳಲಾಗದ ಮಾತನ್ನು ನಾಯಿಯ ಕೊರಳಿಗೆ ಕಟ್ಟಿ, ಕೇಳಬೇಕಾದವರಿಗೆ ಕೇಳುವಂತೆ ಕೂಗುತ್ತೇವೆ. ಜಗಳವಾಡಿದಳು ಎಂದು ಯಾರೂ ಅನ್ನುವಂತಿಲ್ಲ. ಹಾಗಾಗಿ ನನಗೊಂದು ನಾಯಿ ಬೇಕಿತ್ತು. ದೊಡ್ಡದು ಬೇಡ, ಅಂಗಳದಲ್ಲಿ ಮಲಗುವ ನಾಯಿಯನ್ನು ಮತ್ತೆ ಯಾರಾದರೂ ಊಟಕ್ಕೆ ಕರೆದಾರು. ಬುಲವಾಯೊದಲ್ಲಿರುವ ನಾದಿನಿಯ ಮನೆಯಲ್ಲಿ ಬಿಳಿಯ ಪುಟ್ಟ ತಳಿಯ ನಾಯಿ ಮರಿ ಹಾಕಿತ್ತು. ಒಂದನ್ನು ನನಗೆ ಇಡು ಎಂದೆ.

ಮರಿ ಬರುವ ಮೊದಲೇ ಗೇಟಿನ ಕೆಳಗಿನ ಸಂದಿಗೆ ಜಾಲರಿ ಹೊಡೆದೆ. ನೆಲಕ್ಕೆ ಬಿದ್ದಿದ್ದ ವಯರುಗಳನ್ನೆಲ್ಲ ಎತ್ತಿ ಕಟ್ಟಿದೆ. ಹಳೆಯ ಸ್ವೆಟರ್ ಒಗೆದು ರಟ್ಟಿನ ಪೆಟ್ಟಿಗೆಯಲ್ಲಿ ಹಾಸಿದೆ. ನಮ್ಮಲ್ಲಿ ಜೂನ್ ಅಂದರೆ ಚಳಿಗಾಲ. ಬಾಟಲಿಗೆ ಬಿಸಿನೀರು ತುಂಬಿ ಕಾಲುಚೀಲ ತೊಡಿಸಿ ಮೂಲೆಯಲ್ಲಿಟ್ಟೆ. ಆಮೇಲೂ ಏನೋ ಮರೆತೆನೇನೋ ಎಂಬ ಅಳುಕಿಗೆ ಪಶುವೈದ್ಯರ ಬಳಿ ಹೋದೆ.

"ಈ ತಳಿಯ ಕೊರಳು ಮೆತ್ತಗಮ್ಮ, ಕತ್ತಿಗೆ ಬೆಲ್ಟ್ ಬೇಡ, ಎದೆಪಟ್ಟಿ ಹಾಕಿ," ಎಂದರು. "ಹೊಟ್ಟೇನೂ ಚಿಕ್ಕದು. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕು ಸಲ ಕೊಡಿ. ಹೊತ್ತು ತಪ್ಪಿದ್ರೆ ರಕ್ತದ ಸಕ್ಕರೆ ಇಳಿದು ಬಿದ್ದುಬಿಡುತ್ತೆ. ಹಂಗಾದ್ರೆ ತಕ್ಷಣ ಒಸಡಿಗೆ ಜೇನು ಸವರಿ."

ನಾಲ್ಕು ಸಲ. ಡೇಂಜರ್‌ನನ್ನು ನಾನು ಊಟಕ್ಕೆ ಕೂಗುತ್ತಿದ್ದದ್ದು ದಿನಕ್ಕೆ ಒಂದೇ ಸಲ. ಇನ್ನು ಗೋಡೆಯಾಚೆಗೆ ನಾಲ್ಕು ಸಲ ಕೇಳಿಸಬಹುದು; ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಅದೇ ಖುಷಿ.

ಮರಿಗೆ 'ನಿಮಗೇಗೊತ್ತು' ಎಂದು ಹೆಸರಿಟ್ಟೆ.

ಬೋರ್‌ವೆಲ್ಲಿನ ಸಾಲಿನಲ್ಲಿ ಮಕೋನಿ ಅಜ್ಜಿ ನಕ್ಕಳು. "ಅಂಗೈಯಗಲ ನಾಯಿಗೆ ಅಷ್ಟುದ್ದ ಹೆಸರೇನೇ? ನೀನು ಕೂಗಿ ಮುಗಿಸೋದ್ರೊಳಗೆ ಅದಕ್ಕೆ ಮುಪ್ಪು ಬಂದಿರುತ್ತೆ."

"ಕೇಳಬೇಕಾದೋರಿಗೆ ಬೇಗ ಕೇಳಿಸಿದ್ರೆ ಸಾಕು ಅಜ್ಜಿ."

"ಹಂಗಾ," ಎಂದು ಅಜ್ಜಿ ಮುನಾಶೆಯಮ್ಮನ ಮನೆಯ ಕಡೆ ನೋಡಿದಳು.

ದಿನವೂ ಮೆತ್ತಗಿನ ಗಂಜಿಗೆ ಕೋಳಿಯ ಲಿವರ್ ಹಿಸುಕಿ ಗೋಡೆಯ ಪಕ್ಕ ನಿಂತು ಕೂಗುತ್ತಿದ್ದೆ. "ನಿಮಗೇಗೊತ್ತು, ಬಾ. ನಿಮಗೇಗೊತ್ತು, ತಿನ್ನು." ಆಚೆ ಬಟ್ಟೆ ಹರವುತ್ತಿದ್ದ ಮುನಾಶೆಯಮ್ಮನ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಆ ಒಂದು ಕ್ಷಣ ನನಗೆ ಬೇಕಿತ್ತು.

ಒಂದು ಮಧ್ಯಾಹ್ನ ಅವಳು ಚರ್ಚಿನಿಂದ ಬರಲು ತಡವಾಯಿತು. ಕೇಳುವವರಿಲ್ಲದೆ ಕೂಗಿ ಏನು ಪ್ರಯೋಜನ ಎಂದು ತಟ್ಟೆ ಹಿಡಿದೇ ಕಾದೆ. ಮರಿಯ ಹಿಂಗಾಲು ನಡುಗಿತು, ಕತ್ತು ಒಂದು ಕಡೆ ವಾಲಿತು. ತಟ್ಟೆ ಬಿಸಾಡಿ ಓಡಿ ಜೇನು ತಂದು ಅದರ ಒಸಡಿಗೆ ತಿಕ್ಕಿದೆ. ಕೊನೆಗೆ ನಾಲಿಗೆ ಬೆರಳಿಗೆ ತಾಗಿತು. ಎದ್ದ ಮೇಲೆ ಅದನ್ನು ಸ್ವೆಟರಿನಲ್ಲಿ ಸುತ್ತಿ ಸಂಜೆಯವರೆಗೂ ಮಡಿಲಲ್ಲಿಟ್ಟುಕೊಂಡೆ. ಅವತ್ತಿನಿಂದ ಮೊದಲು ಊಟ, ಆಮೇಲೆ ಕೂಗು. ಕೂಗು ಮಾತ್ರ ಬಿಡಲಿಲ್ಲ.

ಕೊನೆಗೆ ಅವಳಿಗೂ ತಡೆಯಲಾಗಲಿಲ್ಲ. ತನ್ನ ಹಳ್ಳಿಯಿಂದ ಒಂದು ಕಂದು ಮರಿ ತಂದಳು. ಬೋರ್‌ವೆಲ್ಲಿನ ಬಳಿ ಹೆಂಗಸರೆಲ್ಲ ಇರುವಾಗಲೇ, ನನ್ನ ಮುಖ ನೋಡಿಕೊಂಡೇ ಅದನ್ನು ಕರೆದಳು.

"ಕೋಳಿತಿಂತಿತ್ತು, ಬಾ ಇಲ್ಲಿ."

ಪಂಪು ಒತ್ತುತ್ತಿದ್ದವಳು ತಿರುಗಿ ನೋಡಿದಳು. ತನ್ನ ಉತ್ತರ ನಾಟಿತು ಎಂದು ಅವಳು ಗದ್ದ ಎತ್ತಿದಳು.

ಮಕೋನಿ ಅಜ್ಜಿ ಬಕೆಟ್ ಕೆಳಗಿಟ್ಟಳು. "ಯಾವ ನಾಯಿ ಕಣೇ ನಿನ್ನ ಕೋಳಿ ತಿಂತಿದ್ದದ್ದು?"

"ಅಯ್ಯೋ, ಸುಮ್ನೆ ಹೆಸರು ಅಜ್ಜಿ."

"ಸುಮ್ನೆ ಯಾರಾದ್ರೂ ಹೆಸರಿಡ್ತಾರಾ? ಈ ಮರಿಗೆ ಇನ್ನೂ ಸರಿಯಾಗಿ ಹಲ್ಲೇ ಬಂದಿಲ್ಲ. ತಿಂದ ನಾಯಿಗೆ ನೀನೇನು ಮಾಡಿದೆ, ಅದನ್ನ ಹೇಳು."

ಮುನಾಶೆಯಮ್ಮನ ಗದ್ದ ಇಳಿಯಿತು. ಕೋಳಿ ಹೋಗಿದೆ ಎಂದು ಅವಳು ಒಂದು ದಿನವೂ ನನ್ನ ಬಾಗಿಲಿಗೆ ಬಂದು ಹೇಳಿರಲಿಲ್ಲ. ಹೇಳಿದ್ದರೆ ಡೇಂಜರ್‌ನನ್ನು ಕಟ್ಟಿಹಾಕುತ್ತಿದ್ದೆ. ಅದನ್ನೇ ಹೇಳಿದೆ. ಅವಳು ಅರ್ಧ ತುಂಬಿದ ಬಕೆಟ್ ಎತ್ತಿಕೊಂಡು ಹೊರಟುಬಿಟ್ಟಳು. ಮರುದಿನದಿಂದ ಅವಳ ಮರಿಯ ಹೆಸರು ಬಾಬಿ.

ನನಗೆ ಅಷ್ಟು ಸಾಕಾಗಬೇಕಿತ್ತು. ಸಾಕಾಗಲಿಲ್ಲ.

ಲಸಿಕೆಗಳೆಲ್ಲ ಮುಗಿದ ಮೇಲೆ ನನ್ನ ಮರಿಗೆ ಎದೆಪಟ್ಟಿ ಕಟ್ಟಿ ಓಣಿಯ ಬಿಸಿಲಿನಲ್ಲಿ ಕೂರತೊಡಗಿದೆ. ಅವಳ ಮರಿ ತನ್ನ ಗೇಟಿನಡಿ ತೂರಿ ಆಟಕ್ಕೆ ಬರುತ್ತಿತ್ತು. ಪ್ರತಿ ಸಲವೂ "ಕೋಳಿತಿಂತಿತ್ತು" ಎಂದು ಮೆಲ್ಲಗೆ ಕರೆದು ಒಂದು ಚೂರು ಲಿವರ್ ಕೊಡುತ್ತಿದ್ದೆ. ತಪ್ಪೇನೋ ಅನ್ನಿಸುತ್ತಿತ್ತು. ಕೊಡುತ್ತಲೇ ಇದ್ದೆ.

ನಿನ್ನೆ ಅವಳು ಗೇಟಿಗೆ ಬಂದಳು. "ಬಾಬಿ. ಬಾಬಿ, ಬಾರೋ."

ಮರಿ ನನ್ನ ಕಾಲ ಬಳಿ ಮಣ್ಣು ಕೆರೆಯುತ್ತಿತ್ತು.

"ನನ್ನ ನಾಯೀನ ಕಳಿಸೇ ವಿಂಬಾಯಿ."

"ನಾನು ಹಿಡ್ಕೊಂಡಿಲ್ವಲ್ಲ ಮುನಾಶೆಯಮ್ಮ. ಹೆಸರು ಹಿಡಿದು ಕರೀರಿ, ಬರುತ್ತೆ."

ಹೆಂಗಸರು ನೀರು ಹೊತ್ತು ಬರುತ್ತಿದ್ದರು. ಅವರು ದಾಟಿಹೋಗಲಿ ಎಂದು ಅವಳು ಕಾದಳು. ಅವರ ಹೆಜ್ಜೆ ನಿಧಾನವಾಯಿತು. ಕೊನೆಗೆ ಅವಳು ನೆಲ ನೋಡಿಕೊಂಡು, ತುಟಿಯೊಳಗೇ ಆ ಹೆಸರು ಹೇಳಿದಳು.

ಮರಿ ಕಿವಿ ನಿಮಿರಿಸಿತು, ಹೊರಡಲಿಲ್ಲ.

"ಅದಕ್ಕೆ ಕೇಳಿಸಿಲ್ಲ ಅನ್ಸುತ್ತೆ," ಎಂದೆ. "ಇನ್ನೂ ಸ್ವಲ್ಪ ಜೋರಾಗಿ."