ಹಿಂದಿನ ಸೀಟಿನ ಎಡಗಡೆ

ತಂಗಿಯ ಕಾರು ಒಂದೇ ತಿಂಗಳಲ್ಲಿ ನಾಲ್ಕನೇ ಸಲ ಅಂಗಡಿಯ ಮುಂದೆ ಬಂದು ನಿಂತಾಗ ಎಲೆಕ್ಟ್ರಿಷಿಯನ್‌ಗೆ ತಲೆ ಕೆಟ್ಟುಹೋಯಿತು. ಇಪ್ಪತ್ತೆರಡು ವರ್ಷದ ಹಳೇ ಕಾರು. ಹಾರ್ನು, ವೈಪರು, ಬ್ರೇಕ್ ದೀಪ, ಮೂರಕ್ಕೂ ಒಂದೇ ಫ್ಯೂಸು. ಆ ಫ್ಯೂಸು ಮತ್ತೆ ಮತ್ತೆ ಸುಟ್ಟುಹೋಗುತ್ತಿತ್ತು. ಎಲ್ಲೋ ಶಾರ್ಟ್ ಆಗುತ್ತಿದೆ ಅನ್ನುವುದು ಯಾರಿಗಾದರೂ ಹೊಳೆಯುವ ಮಾತು. ಎಲ್ಲಿ ಅನ್ನುವುದು ಮಾತ್ರ ಮೂವತ್ತು ವರ್ಷ ಇದೇ ಕಸುಬು ಮಾಡಿದ ಅವನಿಗೂ ತಿಳಿಯುತ್ತಿರಲಿಲ್ಲ. ಹಾರ್ನು ಕಳಚಿ ನೋಡಿದ. ವೈಪರಿನ ಮೋಟಾರು ಬಿಚ್ಚಿ ನೋಡಿದ. ಹೊಸ ಫ್ಯೂಸು ಹಾಕಿ ಒಂದು ಗಂಟೆ ಸುತ್ತಾಡಿಸಿದರೆ ಕಾರು ಹಸುವಿನಷ್ಟು ಸಾಧು. ತಂಗಿಯ ಕೈಗೆ ಕೊಟ್ಟ ಎರಡು ದಿನಕ್ಕೇ ಫೋನು: “ಅಣ್ಣಾ, ಹಾರ್ನ್ ಮತ್ತೆ ಸತ್ತೋಯ್ತು.”

ಈ ಸಲ ಅವಳು ಕೀ ಕೊಟ್ಟು ಹೋಗದೆ ಅಲ್ಲೇ ನಿಂತಳು.

“ಒಂದು ಮಾತು ಹೇಳ್ತೀನಿ, ನಗಬೇಡ. ಅತ್ತೆ ಕೂತಾಗ ಮಾತ್ರ ಹೋಗುತ್ತೆ.”

ಅವನು ನಕ್ಕೇಬಿಟ್ಟ. ಅವಳು ನಗಲಿಲ್ಲ. ಅತ್ತೆಯ ಮಂಡಿಗೆ ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ವ್ಯಾಯಾಮ ಮಾಡಿಸುತ್ತಿದ್ದರು. ಮುಂದಿನ ಸೀಟಿನಲ್ಲಿ ಕಾಲು ಚಾಚಲು ಆಗದೆ ಆಕೆ ಹಿಂದೆ, ಎಡಗಡೆ ಕೂತು ಸೀಟಿನುದ್ದಕ್ಕೆ ಕಾಲು ಚಾಚುತ್ತಿದ್ದರು. ನಾಲ್ಕು ವಾರ, ನಾಲ್ಕು ಫ್ಯೂಸು.

“ನಾನು ಸುಮ್ಮನಿರಲಾರದೆ, ‘ಅತ್ತೆ, ನೀವು ಕೂತ್ರೆ ಹಾರ್ನೂ ಬಾಯಿ ಬಿಡಲ್ಲ’ ಅಂದೆ ಕಣೋ. ತಮಾಷೆಗೆ. ಮೊನ್ನೆ ನನಗೆ ಹೇಳದೆ ಕೋಲು ಹಿಡ್ಕೊಂಡು ನಡ್ಕೊಂಡೇ ವಾಪಸ್ ಬಂದಿದ್ದಾರೆ ಆಸ್ಪತ್ರೆಯಿಂದ. ಕೇಳಿದ್ರೆ, ‘ನನ್ನ ಕಾಲ್ಗುಣ ನನಗೆ ಗೊತ್ತಮ್ಮ’ ಅಂತಾರೆ.”

ಅವನ ನಗು ನಿಂತಿತು. ಮನುಷ್ಯರನ್ನು ನೋಡಿ ಕರೆಂಟು ಹರಿಯುವುದಿಲ್ಲ, ಅಷ್ಟು ಅವನಿಗೆ ಗೊತ್ತು. ಆದರೂ ನಾಲ್ಕಕ್ಕೆ ನಾಲ್ಕು ಸಲ ಹೇಗೆ? ಹೊಸ ಫ್ಯೂಸು ಹಾಕಿ ತಂಗಿಯನ್ನು ಕಾರಿನಲ್ಲೇ ಕಳಿಸಿದ. ಮರುದಿನ ಬೆಳಿಗ್ಗೆ ಸಾಮಾನಿನ ಪೆಟ್ಟಿಗೆ ಹಿಡಿದು ತಂಗಿಯ ಮನೆಗೇ ಹೋದ.

ಮುದುಕಿಯನ್ನು ಕಾರಿನ ತನಕ ಕರೆತರಲು ಅರ್ಧ ಗಂಟೆ ಹಿಡಿಯಿತು. “ಇರೋ ಒಂದು ಗಾಡೀನೂ ಹಾಳು ಮಾಡ್ಲಾ?” ಅನ್ನುತ್ತಲೇ ಬಂದು ತಮ್ಮ ಜಾಗದಲ್ಲಿ ಕೂತರು. ಅವನು ಕೀ ತಿರುಗಿಸಿ ಹಾರ್ನು ಒತ್ತಿದ. ಜೋರಾಗಿ ಕೂಗಿತು. ವೈಪರು ಆಡಿತು. ಆಕೆ ಎದ್ದರೂ, ಮತ್ತೆ ಕೂತರೂ, ಆಚೆ ಈಚೆ ವಾಲಿದರೂ ಫ್ಯೂಸು ಗಟ್ಟಿಯಾಗಿತ್ತು. ಹಾಗಾದರೆ ತಂಗಿ ಹೇಳಿದ್ದು ಸುಳ್ಳೇ? ನಾಲ್ಕು ಸಲವೂ ಕಾಕತಾಳೀಯವೇ? ಅವನು ಕಾರಿಗೆ ಒರಗಿ ತಲೆ ಕೆರೆದುಕೊಂಡ. ಆಕೆಯದೇ ತಪ್ಪು ಅನ್ನಲು ಬುದ್ಧಿ ಒಪ್ಪದು, ಅಲ್ಲ ಅನ್ನಲು ಕೈಯಲ್ಲಿ ಪುರಾವೆ ಇಲ್ಲ.

“ನಿಂತ ಕಾರಲ್ಲಿ ಏನು ನೋಡ್ತೀಯಪ್ಪಾ?” ಎಂದರು ಮುದುಕಿ ಒಳಗಿಂದ. “ನಾನು ಕೂತ ತಕ್ಷಣ ಹೋಗಲ್ಲ ಅದು. ದಾರೀಲಿ ಇವಳು ಬ್ರೇಕ್ ಹಾಕ್ತಾಳಲ್ಲ, ಆಮೇಲೆ ಹಾರ್ನ್ ಒತ್ತಿದ್ರೆ ಸದ್ದೇ ಇರಲ್ಲ. ಹಿಂದೆ ಕೂತವಳಿಗೆ ಬೇರೇನು ಕೆಲಸ? ನೋಡ್ತಾ ಇರ್ತೀನಿ.”

ಬ್ರೇಕು! ಅವನು ಬ್ರೇಕ್ ದೀಪದ ಬಲ್ಬುಗಳನ್ನು ಕಳಚಿದ. ಫ್ಯೂಸು ಕಿತ್ತು, ಆ ಜಾಗಕ್ಕೆ ಬೇರೊಂದು ಬಲ್ಬು ಸಿಕ್ಕಿಸಿದ. ಇನ್ನು ಶಾರ್ಟ್ ಆದರೆ ಮಾತ್ರ ಅದು ಉರಿಯಬೇಕು.

“ಬ್ರೇಕ್ ಒತ್ತಿ ಹಿಡ್ಕೋ,” ಎಂದ ತಂಗಿಗೆ. ಬಲ್ಬು ಉರಿಯಲಿಲ್ಲ. “ಅಮ್ಮಾ, ನೀವು ಸ್ವಲ್ಪ ಬಾಗಿಲ ಕಡೆ ಸರೀರಿ.”

ಆಕೆ ಸರಿದರು. ಬಲ್ಬು ಝಗ್ಗನೆ ಹತ್ತಿತು. ಈಚೆ ಸರಿದರು, ಆರಿತು.

ಆಕೆಯನ್ನು ಇಳಿಸಿ ಸೀಟು ಎತ್ತಿದ. ಒಂದು ಸ್ಪ್ರಿಂಗು ತುಂಡಾಗಿ ಅದರ ಮೊನೆ ಕೆಳಗಿನ ತಂತಿಯ ಮೈ ಸುಲಿದಿತ್ತು. ಭಾರ ಬಿದ್ದಾಗ ಮೊನೆ ತಾಮ್ರಕ್ಕೆ ತಾಗುತ್ತಿತ್ತು. ಬ್ರೇಕ್ ಒತ್ತಿದಾಗ ಮಾತ್ರ ಆ ತಂತಿಯಲ್ಲಿ ಕರೆಂಟು. ಮಗ ಸೊಸೆ ಮುಂದೆಯೇ ಕೂರುವವರು. ಆ ಮೂಲೆಯಲ್ಲಿ ಆಕೆ ಬಿಟ್ಟರೆ ಕೂರುವವರಿಲ್ಲ.

ಅವನಿಗೆ ಖುಷಿಯಾಗಬೇಕಿತ್ತು. ಆದರೆ ಆ ನೀಲಿ ತಂತಿಯ ಗುರುತು ಹತ್ತಿತು. ಎರಡು ವರ್ಷದ ಹಿಂದೆ ಬ್ರೇಕ್ ದೀಪಕ್ಕೆಂದು ಅವನೇ ಎಳೆದ ತಂತಿ ಅದು. ಬಾಗಿಲ ಅಂಚಿನಲ್ಲಿ ಕೊಂಡೊಯ್ಯಬೇಕಿದ್ದದ್ದನ್ನು ಅವಸರದಲ್ಲಿ ಸೀಟಿನಡಿ ನೇರ ಬಿಟ್ಟಿದ್ದ. ಸುತ್ತಿ ಟೇಪು ಹಾಕಿಬಿಟ್ಟರೆ ಯಾರಿಗೂ ತಿಳಿಯದು. ಹೇಳಲೋ ಬೇಡವೋ ತಿಳಿಯದೆ ಸೀಟು ಹಿಡಿದುಕೊಂಡೇ ನಿಂತ.

“ಅಮ್ಮಾ, ಇದು ನಿಮ್ಮಿಂದ ಆಗಿದ್ದಲ್ಲ,” ಎಂದ ಕೊನೆಗೆ. “ಈ ತಂತಿ ಹಾಕಿದ್ದು ನಾನೇ. ತಪ್ಪು ಜಾಗದಲ್ಲಿ ಹಾಕ್ಬಿಟ್ಟಿದ್ದೆ.”

ತಂಗಿ ಅಣ್ಣನ ಮುಖ ನೋಡಿದಳು. ಮುದುಕಿ ಬಗ್ಗಿ ತಂತಿ ನೋಡಿದರು.

“ಹಾಗಾದ್ರೆ ನನ್ನ ಹಣೆಬರಹ ಅಲ್ಲ, ನಿನ್ನ ಕೈಬರಹ ಅನ್ನು!”

ಅದು ತಮಾಷೆಯೋ ಸಿಟ್ಟೋ ಅವನಿಗೆ ಅರ್ಥವಾಗಲಿಲ್ಲ. ತಂತಿಯನ್ನು ಅಂಚಿಗೆ ಸರಿಸಿ, ಸ್ಪ್ರಿಂಗು ಕತ್ತರಿಸಿ, ಸೀಟು ಕೂರಿಸಿ, ಬಲ್ಬು ಫ್ಯೂಸು ಮತ್ತೆ ಹಾಕುವ ತನಕ ಆಕೆ ಪಕ್ಕದಲ್ಲೇ ನಿಂತು ನೋಡಿದರು. ಆಮೇಲೆ ಹತ್ತಿ ಬಾಗಿಲ ಪಕ್ಕ ಗಟ್ಟಿಯಾಗಿ ಕೂತು ಸೊಸೆಗೆ, “ನಡಿಯಮ್ಮ, ಒಂದು ಸುತ್ತು. ಹೆಜ್ಜೆಹೆಜ್ಜೆಗೂ ಬ್ರೇಕ್ ಹಾಕು,” ಎಂದರು. ಸೊಸೆ, “ಅತ್ತೆ, ಅವತ್ತು ನಾನು ಅಂದಿದ್ದು…” ಎಂದು ಶುರು ಮಾಡಿದಳು. “ರಸ್ತೆ ನೋಡ್ಕೊಂಡು ಹೋಗು,” ಎಂದರು ಅತ್ತೆ.

ಕಾರು ಬೀದಿಯ ಕೊನೆಯವರೆಗೆ ನಿಂತು ನಿಂತು ಹೋಯಿತು. ನಿಂತ ಕಡೆಯಲ್ಲೆಲ್ಲ ಹಾರ್ನು ಕೂಗಿತು.